ಹೋರಿಯ ಓಟವೂ ಗಡಿಯಾರದ ಲೆಕ್ಕವೂ

ಶಿಕಾರಿಪುರ, ಸೊರಬ ಸೀಮೆಯವರಿಗೆ ಓಟವೆಂದೊಡನೆ ನೆನಪಾಗುವುದು ದೀಪಾವಳಿಯ ಹೋರಿ ಬೆದರಿಸುವ ಆಟ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ. ಹಾರ ಹರಿಯಗೊಡದೆ ಪಾರಾದರೆ ಅದರ ಹೆಸರು ಊರೂರಿಗೆ ಹಬ್ಬುತ್ತದೆ. ನಾನು ಬಾಲ್ಯದಲ್ಲಿ ಕಂಡ ಆಟದಲ್ಲಿ ಗಡಿಯಾರಕ್ಕೆ ಕೆಲಸವೇ ಇರಲಿಲ್ಲ. ಅದಕ್ಕೇ ಇರಬೇಕು, 2020ರ ಫೆಬ್ರವರಿಯಲ್ಲಿ ಘಟ್ಟದ ಕೆಳಗಿನ ಕಂಬಳದ ಸುದ್ದಿ ಬಂದಾಗ ನಮ್ಮವರೂ ಸೆಕೆಂಡುಗಳ ಲೆಕ್ಕಕ್ಕೆ ಮರುಳಾದರು.

ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದ್ದರು. ನೂರು ಮೀಟರಿಗೆ 9.55 ಎಂದು ಪತ್ರಿಕೆಗಳು ಬರೆದವು. (ಸರಿಯಾಗಿ ಭಾಗಿಸಿದರೆ 9.56, ಮೇಷ್ಟರ ಚಟ, ಕ್ಷಮಿಸಿ.) 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಓಡಿದ್ದು 9.58. ಆಗ ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರು ಗೌಡರನ್ನು ಪರೀಕ್ಷಾ ಓಟಕ್ಕೆ ಕರೆದರು. ಗೌಡರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಮೇಲೆ ಓಡಬೇಕು, ಟ್ರ್ಯಾಕಿನಲ್ಲಿ ಬೆರಳುಗಳ ಮೇಲೆ. ಕೋಣಗಳ ಪಾಲೂ ಇದೆ ಎಂದರು. ಆ ಗದ್ದಲದಲ್ಲಿ ವಿವೇಕದ ಮಾತು ಓಡಿದವರಿಂದಲೇ ಬಂದಿತು.

ನೆರವು ಪಡೆದ ವೇಗವನ್ನು ಏನೆಂದು ಎಣಿಸಬೇಕೆಂಬ ಪ್ರಶ್ನೆ ಆಗ ಹೊರಜಗತ್ತನ್ನೂ ಕಾಡುತ್ತಿತ್ತು. 2019ರ ಅಕ್ಟೋಬರಿನಲ್ಲಿ ಎಲಿಯುಡ್ ಕಿಪ್ಚೊಗೆ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಮುಗಿಸಿದರು. ಜೊತೆ ಓಟಗಾರರು ಸರದಿಯ ಮೇಲೆ ಬಂದು ಗಾಳಿಗೆ ಮರೆಯಾಗಿದ್ದರು, ಅದು ವಿಶ್ವದಾಖಲೆಯಾಗಲಿಲ್ಲ. 2020ರ ಜನವರಿ 31ರಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಬೂಟಿನ ಅಟ್ಟೆ 40 ಮಿ.ಮೀ. ಮೀರಬಾರದೆಂದು ಕಟ್ಟಳೆ ಮಾಡಿತು. ಐಕಳದ ಓಟ ಅದರ ಮರುದಿನ!

ಕಂಬಳದವರಿಗೆ ಈ ಗೊಂದಲವಿಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ: ಸಲಕರಣೆ ಬದಲಾದರೆ ವಿಭಾಗವೇ ಬೇರೆ. ಕನೆ ಹಲಗೆಯಲ್ಲಂತೂ ಎಣಿಕೆಗೆ ಬರುವುದು ಚಿಮ್ಮಿದ ನೀರಿನ ಎತ್ತರ. ಬದಲಾದ ಆಟವನ್ನು ಹೊರಗಟ್ಟಬೇಕಿಲ್ಲ, ಬೇರೆ ಪುಟದಲ್ಲಿ ಬರೆದರಾಯಿತು ಎಂದೇ ನನ್ನ ಅಭಿಪ್ರಾಯ.

ಆದರೆ ನೋವಿಗೆ ಯಾವ ಪುಟವೂ ಇರಬಾರದು. ಹೋರಿಗಳನ್ನು ಓಟಕ್ಕೂ ಜಲ್ಲಿಕಟ್ಟಿಗೂ ಬಳಸಬಾರದೆಂದು ಸುಪ್ರೀಂ ಕೋರ್ಟು 2014ರ ಮೇ 7ರಂದು ತೀರ್ಪಿತ್ತಿತು. ಕರ್ನಾಟಕವು 2017ರಲ್ಲಿ ಕಾನೂನು ತಿದ್ದಿ ಕಂಬಳಕ್ಕೂ ಹೋರಿ ಓಟಕ್ಕೂ ಅವಕಾಶ ಮಾಡಿತು. 2023ರ ಮೇ 18ರಂದು ಅದೇ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅನಗತ್ಯವಾಗಿ ಹಿಂಸಿಸಬಾರದೆಂಬ ಷರತ್ತಿನ ಮೇಲೆ ಉಳಿದುಕೊಂಡ ಆಟವಿದು.

ಬೇಲಿ ಕಟ್ಟಿದ ಮೇಲೆ ಹೋರಿ ಹಬ್ಬದ ಸೊಗಸು ಹೋಯಿತೆಂದು ನನ್ನ ವಯಸ್ಸಿನವರು ಗೊಣಗುವುದುಂಟು. ಹೋರಿ ತಿವಿದು ಹುಡುಗರು ಸತ್ತ ಸುದ್ದಿಯನ್ನು ಓದಿದವನಾಗಿ ನಾನು ಅವರ ಜೊತೆ ಸೇರಲಾರೆ. ಬೇಲಿಯ ನಡುವೆ ಓಡಿದ ಹೋರಿಯ ಕೊರಳಲ್ಲಿ ಹಾರ ಉಳಿದರೆ, ಹಿಂದಿನ ಹೋರಿಗಳ ಸಾಲಿನಲ್ಲೇ ಅದರ ಹೆಸರನ್ನೂ ಹೇಳುತ್ತೇನೆ.