ಅಟಿಪಿಕಲ್ ಮಯೋಪತಿ

ಅಟಿಪಿಕಲ್ ಮಯೋಪತಿ ಎಂಬುದು ಹುಲ್ಲುಗಾವಲಿನಲ್ಲಿ ಮೇಯುವ ಕುದುರೆಗಳಿಗೆ ಬರುವ ಅಪರೂಪದ ಸ್ನಾಯುರೋಗ. ರೋಗ ತಗುಲಿದ ನಾಲ್ಕು ಕುದುರೆಗಳಲ್ಲಿ ಸುಮಾರು ಮೂರು ಸಾಯುತ್ತವೆ. ಕೆಲವು ಮೇಪಲ್ ಮರಗಳ ಬೀಜ ಮತ್ತು ಎಳೆಯ ಸಸಿಗಳಲ್ಲಿರುವ ಹೈಪೋಗ್ಲೈಸಿನ್-ಎ ಎಂಬ ವಿಷವಸ್ತು ಇದಕ್ಕೆ ಕಾರಣ. ಯುರೋಪಿನಲ್ಲಿ ಸಿಕಮೋರ್ ಮೇಪಲ್, ಉತ್ತರ ಅಮೆರಿಕದಲ್ಲಿ ಬಾಕ್ಸ್ ಎಲ್ಡರ್ ಈ ವಿಷದ ಮೂಲ. ರೆಕ್ಕೆಯುಳ್ಳ ಬೀಜಗಳು ಗಾಳಿಗೆ ಉದುರುವ ಶರತ್ಕಾಲದಲ್ಲಿಯೂ ಅವು ಮೊಳೆಯುವ ವಸಂತದಲ್ಲಿಯೂ ರೋಗ ಕಾಣಿಸಿಕೊಳ್ಳುತ್ತದೆ.

ಕಾರಣ

ಕುದುರೆಗಳಲ್ಲಿ ಸ್ನಾಯುಗಳು ನಾಶವಾಗುವುದು ಸಾಮಾನ್ಯವಾಗಿ ಅತಿಶ್ರಮದಿಂದ. ಇಲ್ಲಿಯಾದರೋ ಯಾವ ದುಡಿಮೆಯೂ ಇಲ್ಲದೆ ಮೇಯುತ್ತಿದ್ದ ಕುದುರೆಗಳೇ ಕುಸಿದು ಬೀಳುತ್ತಿದ್ದುದರಿಂದ 'ಅಟಿಪಿಕಲ್', ಅಂದರೆ ವಿಲಕ್ಷಣ, ಎಂಬ ಹೆಸರು ಬಂದಿತು. ದಶಕಗಳ ಕಾಲ ಹವಾಮಾನ, ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಮೇಲೆ ಅನುಮಾನವಿತ್ತು. ಮರದ ಬೀಜವೇ ಕಾರಣವೆಂಬುದು 2013ರ ಸುಮಾರಿಗೆ ಮೊದಲು ಅಮೆರಿಕದಲ್ಲಿ, ಬಳಿಕ ಯುರೋಪಿನಲ್ಲಿ ತಿಳಿದುಬಂದಿತು.

ಹೈಪೋಗ್ಲೈಸಿನ್ ದೇಹದೊಳಗೆ ಮಾರ್ಪಟ್ಟು, ಜೀವಕೋಶಗಳು ಕೊಬ್ಬನ್ನು ಶಕ್ತಿಯಾಗಿ ಪರಿವರ್ತಿಸಲು ಬೇಕಾದ ಕಿಣ್ವಗಳನ್ನು ತಡೆಯುತ್ತದೆ. ನಿಲ್ಲುವ, ಉಸಿರಾಡುವ ಸ್ನಾಯುಗಳು ಹಾಗೂ ಹೃದಯವು ಕೊಬ್ಬನ್ನೇ ಹೆಚ್ಚಾಗಿ ಅವಲಂಬಿಸಿರುವುದರಿಂದ ಮೊದಲು ಸೋಲುವವೂ ಅವೇ. ಜಮೈಕಾದಲ್ಲಿ ಬಲಿಯದ ಅಕೀ ಹಣ್ಣು ತಿಂದವರಿಗೆ ಬರುವ ವಾಂತಿರೋಗಕ್ಕೂ ಇದೇ ವಿಷ ಕಾರಣ. ಬಿಹಾರದ ಮುಜಫ್ಫರಪುರದಲ್ಲಿ ರಾತ್ರಿ ಊಟವಿಲ್ಲದೆ ಲಿಚಿ ತಿಂದ ಮಕ್ಕಳಲ್ಲಿ ಕಂಡ ಮಿದುಳಿನ ಕಾಯಿಲೆಗೂ ಈ ವಿಷಕ್ಕೂ ಇರುವ ನಂಟನ್ನು 2014ರ ಅಧ್ಯಯನ ತೋರಿಸಿತು.

ಲಕ್ಷಣಗಳು

ನಿಶ್ಶಕ್ತಿ, ಬಿಗಿದ ನಡಿಗೆ, ನಡುಕ ಮತ್ತು ಬೆವರು ಆರಂಭದ ಚಿಹ್ನೆಗಳು. ಒಡೆದ ಸ್ನಾಯುಗಳಿಂದ ಹೊರಬಂದ ಮಯೋಗ್ಲೋಬಿನ್ ಸೇರಿ ಮೂತ್ರವು ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಅನೇಕ ಕುದುರೆಗಳು ಮಲಗಿದಲ್ಲಿಂದ ಏಳಲಾರವು. ಆದರೂ ಕೆಲವು ಮೇವು ತಿನ್ನುತ್ತಲೇ ಇರುತ್ತವೆ. ಇದನ್ನು ಹೊಟ್ಟೆಶೂಲೆಯೆಂದು ತಪ್ಪಾಗಿ ತಿಳಿಯುವುದುಂಟು. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ವಿಪರೀತ ಏರಿರುವುದು ರೋಗನಿರ್ಣಯಕ್ಕೆ ನೆರವಾಗುತ್ತದೆ. ಸಾವು ಹೆಚ್ಚಾಗಿ ಮೂರು ದಿನಗಳೊಳಗೆ ಸಂಭವಿಸುತ್ತದೆ.

ಚಿಕಿತ್ಸೆ ಮತ್ತು ತಡೆ

ನಿರ್ದಿಷ್ಟ ಪ್ರತಿವಿಷವಿಲ್ಲ. ದ್ರವ, ಗ್ಲೂಕೋಸ್, ರೈಬೋಫ್ಲಾವಿನ್ ಮುಂತಾದ ಜೀವಸತ್ವಗಳು ಮತ್ತು ಬೆಚ್ಚನೆಯ ಆಸರೆಯೇ ಚಿಕಿತ್ಸೆ. ಬದುಕುಳಿದವು ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತವೆ. ಆದ್ದರಿಂದ ತಡೆಯೇ ಮುಖ್ಯ: ಮರಗಳ ಸುತ್ತ ಬೇಲಿ ಹಾಕುವುದು, ಬೀಜ ಗುಡಿಸುವುದು, ಹುಲ್ಲು ವಿರಳವಾದ ಗಾವಲಿನಲ್ಲಿ ಹೆಚ್ಚುವರಿ ಒಣಹುಲ್ಲು ಒದಗಿಸುವುದು. ಸಸಿಗಳನ್ನು ಕತ್ತರಿಸಿ ಅಲ್ಲಿಯೇ ಬಿಟ್ಟರೆ ಅಪಾಯ ತಪ್ಪದು. ಒಣಗಿದ ಮೇಲೂ ವಿಷ ಉಳಿದಿರುತ್ತದೆ.