ದೇವರಾಣೆ ಮತ್ತು ಬಂಗುಡೆಯ ಕಿವಿರು

ಹೆಜಮಾಡಿಯ ಟೋಲ್‌ಗೇಟ್ ದಾಟಿದ ಮೇಲೆ ಒಳದಾರಿಯ ಬದಿಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಕ್ಕನಲ್ಲಿ, “ಬಂಗುಡೆ ಇವತ್ತಿನದ್ದಾ?” ಎಂದು ಕೇಳಿದೆ. “ದೇವರಾಣೆ ಅಣ್ಣ, ಬೆಳಿಗ್ಗೆ ಬಂದದ್ದು” ಎಂದರು. ಅಷ್ಟಕ್ಕೇ ಬಿಡಲಿಲ್ಲ. ಒಂದು ಮೀನನ್ನೆತ್ತಿ, ಹೆಬ್ಬೆರಳಿನಿಂದ ಕಿವಿರು ಅಗಲಿಸಿ ತೋರಿಸಿದರು. ಒಳಗೆ ಕೆಂಪಗಿತ್ತು. ಆಮೇಲೆ ನೂರು ರೂಪಾಯಿಗೆ ಆರರಂತೆ ಎಣಿಸತೊಡಗಿದರು.

ಆಣೆ, ಪುರಾವೆ, ಲೆಕ್ಕ. ಮೂರಕ್ಕೂ ಕನ್ನಡದಲ್ಲಿ ಒಂದೇ ಪದ ಸಾಕು: ಪ್ರಮಾಣ. ಹುಟ್ಟಿನಿಂದ ಇದು ಅಳತೆಯ ಪದ. ತಾರ್ಕಿಕರ ಕೈಗೆ ಸಿಕ್ಕಿ ಪ್ರತ್ಯಕ್ಷ, ಅನುಮಾನಗಳೆಂಬ ಅರಿವಿನ ದಾರಿಯಾಯಿತು. ಈಗ ಹವಾಮಾನ ವರದಿಯಲ್ಲಿ ಮಳೆಯ ಪ್ರಮಾಣ, ತಾಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರ, ರಾಜಭವನದಲ್ಲಿ ಪ್ರಮಾಣವಚನ. ‘ಪ್ರಾಮಾಣಿಕ’ ಎಂಬವನೂ ಇದೇ ಮನೆಯವನು.

ಒಂದೇ ಮನೆಯವರು ಅಂದಮಾತ್ರಕ್ಕೆ ಪ್ರಮಾಣ ಮಾಡಿದವರೆಲ್ಲ ಪ್ರಾಮಾಣಿಕರೇ? ದೇವರನ್ನು ನಂಬಿದವನ ನಡತೆಯನ್ನು ಆ ನಂಬಿಕೆಯೇ ಕಾಯುತ್ತದೆಯೇ?

ನಮ್ಮ ಕರಾವಳಿಯಲ್ಲಿ ಇದು ಬರೀ ತರ್ಕದ ಮಾತಲ್ಲ. ಕೊಟ್ಟ ಸಾಲ ಬಾರದಿದ್ದರೆ, ಜಾಗದ ತಕರಾರು ಮುಗಿಯದಿದ್ದರೆ, “ಕಾನತ್ತೂರಿಗೆ ಹೋಗುವ” ಎನ್ನುತ್ತಾರೆ. ಕಾಸರಗೋಡು ಜಿಲ್ಲೆಯ ಆ ನಾಲ್ವರ್ ದೈವಸ್ಥಾನದ ಹೆಸರೆತ್ತಿದರೆ, ವಕೀಲರ ನೋಟಿಸಿಗೆ ಜಗ್ಗದವರೂ ಮಾತುಕತೆಗೆ ಬರುವುದುಂಟು. ನಂಬಿಕೆಗೆ ಕೈ ಹಿಡಿದು ನಿಲ್ಲಿಸುವ ಬಲವಿದೆ, ಒಪ್ಪೋಣ. ಆದರೆ ಸಾಲ ಮುಳುಗಿಸಲು ಹೊರಟ ದಿನವೂ ಆತ ಅದೇ ದೈವಕ್ಕೆ ಕೈಮುಗಿಯುತ್ತಿದ್ದನಲ್ಲ! ನಂಬಿಕೆ ಆಗಲೂ ಇತ್ತು, ಈಗಲೂ ಇದೆ. ದೈವದ ಎದುರು ನಿಂತು ಬಾಯಿಬಿಡಬೇಕಾದ ಗಳಿಗೆ ಹತ್ತಿರ ಬಂತು, ಅಷ್ಟೆ.

2011ರ ಜೂನ್‌ನಲ್ಲಿ ಯಡಿಯೂರಪ್ಪ ಮತ್ತು ಕುಮಾರಸ್ವಾಮಿಯವರ ಆರೋಪ-ಪ್ರತ್ಯಾರೋಪ ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ ಇಡುವ ಸವಾಲಿನವರೆಗೆ ಹೋಗಿತ್ತು. ಇಬ್ಬರೂ ಕ್ಷೇತ್ರಕ್ಕೆ ಹೋದರು, ಕೈಮುಗಿದರು; ಆಣೆ ಮಾತ್ರ ಆಗಲಿಲ್ಲ. ಮಾತಿನ ಮೇಲೆ ಜನರಿಗೆ ಭರವಸೆ ಉಳಿದಿಲ್ಲ ಎನಿಸಿದಾಗಲೇ ಆಣೆ ನೆನಪಾಗುವುದು. ಆಣೆಯ ಪ್ರಮಾಣ ಹೆಚ್ಚಿದಷ್ಟೂ ಅದು ಪ್ರಮಾಣವಾಗಿ ಉಳಿಯುವುದಿಲ್ಲ.

ಇನ್ನೊಂದು ತುದಿಯಲ್ಲಿ ಇದೇ ಕರಾವಳಿಯ ಕೋಟದ ಸಾಹಿತಿ ಶಿವರಾಮ ಕಾರಂತರಿದ್ದಾರೆ. ದೇವರ ಗೊಡವೆಗೆ ಹೋಗದೆ ಬದುಕಿದವರು. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸುವಾಗ ಅವರ ಬೆನ್ನಿಗೆ ಯಾವ ದೈವದ ಭಯವೂ ಇರಲಿಲ್ಲ. ಹಾಗೆಂದು ನಾಸ್ತಿಕರೆಲ್ಲ ಕಾರಂತರಲ್ಲ, ಆಸ್ತಿಕರೆಲ್ಲ ಸಾಲ ಮುಳುಗಿಸುವವರಲ್ಲ. ಆಣೆ-ಪ್ರಮಾಣದ ಬಗೆಗಿನ 1969ರ ಕಾಯ್ದೆಗೂ ಈ ವಿವೇಕ ಇದೆ. ಸಾಕ್ಷಿ ಹೇಳುವವನು ದೇವರ ಹೆಸರು ಹೇಳಬಹುದು, ಹೇಳದೆ ದೃಢೀಕರಿಸಲೂಬಹುದು. ಎರಡಕ್ಕೂ ತೂಕ ಒಂದೇ; ಸುಳ್ಳು ಹೇಳಿದರೆ ಶಿಕ್ಷೆಯೂ ಒಂದೇ.

ಪ್ರಮಾಣ ಒಂದು ಗಳಿಗೆಯ ಮಾತು. ಪ್ರಾಮಾಣಿಕತೆ ದಿನನಿತ್ಯದ ಕೈ ಅಭ್ಯಾಸ. ಮೊದಲನೆಯದಕ್ಕೆ ದೇವರೋ ಜನರೋ ಎದುರಿಗಿರಬೇಕು. ಎರಡನೆಯದಕ್ಕೆ ಯಾರೂ ನೋಡುತ್ತಿರಬೇಕೆಂದಿಲ್ಲ.

ಎಣಿಸುತ್ತಿದ್ದ ಅಕ್ಕ ಐದನೆಯ ಬಂಗುಡೆಯ ಹೊಟ್ಟೆ ಒತ್ತಿ ನೋಡಿ ಪಕ್ಕಕ್ಕೆ ಎಸೆದರು. “ಇದು ಮೆತ್ತಗಾಗಿದೆ, ಬೇಡ” ಎಂದು ಬುಟ್ಟಿಯ ಅಡಿಯಿಂದ ಬೇರೊಂದನ್ನು ತೆಗೆದರು. ನಾನು ಆಗ ಮೊಬೈಲ್ ನೋಡುತ್ತಿದ್ದೆ, ಕೇಳಿರಲಿಲ್ಲ. ಅವರೂ ಈ ಸಲ ದೇವರ ಹೆಸರು ಎತ್ತಲಿಲ್ಲ.