ಬಾಗಿದವರೆಲ್ಲ ದ್ರೋಹಿಗಳೇ? ಹಾಗಲವಾಡಿ ಸೀಮೆಯ ಒಂದು ಹಳೇ ಲೆಕ್ಕ

ಹಾಗಲವಾಡಿಯ ಟೀ ಅಂಗಡಿಯಲ್ಲಿ ಇತ್ತೀಚೆಗೆ ಒಂದು ವಾದ ನಡೀತು. ವಾಟ್ಸಾಪಿಗೆ ಬಂದ ಒಂದು ಮೆಸೇಜು ಅದಕ್ಕೆ ಕಾರಣ. ಟಿಪ್ಪುವಿನ ಅನ್ನ ಉಂಡ ಪೂರ್ಣಯ್ಯ, ಟಿಪ್ಪು ಸತ್ತ ಮೇಲೆ ಬ್ರಿಟಿಷರ ಜೊತೆ ಸೇರಿ ದಿವಾನನಾದ ಅಂತ ಅದರಲ್ಲಿತ್ತು. ಓದಿದ ಹುಡುಗ, "ದ್ರೋಹಿ ಅಲ್ವೇನಣ್ಣ ಮತ್ತೆ?" ಅಂದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟು, "ಅಲ್ಲ ಕಣಪ್ಪ, ನಮ್ಮ ಕಡೆ ಪಾಳೇಗಾರ್ರು ಯಾರ್ಯಾರಿಗೆ ಕಪ್ಪ ಕಟ್ಟಿದ್ರು ಗೊತ್ತೇನು? ಅವ್ರನ್ನೂ ದ್ರೋಹಿಗಳು ಅಂತೀಯಾ?" ಅಂತ ಕೇಳಿದರು. ಹುಡುಗ ಸುಮ್ಮನಾದ. ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಅದನ್ನು ಹುಡುಕಿಕೊಂಡು ಹೋಗಿ ಬರೆದದ್ದು ಇದು.

ಹಾಗಲವಾಡಿ ಈಗ ಗುಬ್ಬಿ ತಾಲ್ಲೂಕಿನ ಒಂದು ಹೋಬಳಿ. ಒಂದು ಕಾಲಕ್ಕೆ ಅದೊಂದು ಪಾಳೇಪಟ್ಟು. ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದದ್ದು ಹಾಗಲವಾಡಿ ಮನೆತನದ ಚಿಕ್ಕನಾಯಕನಿಂದ. ಪಾಳೇಗಾರ ಅಂದರೆ ಪೂರ್ತಿ ರಾಜನೂ ಅಲ್ಲ, ಬರೀ ಊರಗೌಡನೂ ಅಲ್ಲ. ಕೈಯಲ್ಲಿ ಒಂದು ಕೋಟೆ, ಒಂದಷ್ಟು ಹಳ್ಳಿ, ಸ್ವಲ್ಪ ಸೈನ್ಯ. ತಲೆ ಮೇಲೆ ಯಾವಾಗಲೂ ಒಬ್ಬ ದೊಡ್ಡ ದೊರೆ.

ಆ ದೊಡ್ಡ ದೊರೆ ಪದೇ ಪದೇ ಬದಲಾಗುತ್ತಿದ್ದ. ವಿಜಯನಗರ ಕುಸಿದ ಮೇಲೆ, 1638ರ ಸುಮಾರಿಗೆ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಈ ಕಡೆ ಬಂತು. 1687ರಲ್ಲಿ ಮೊಗಲರು ಬಂದು ಶಿರಾವನ್ನು ತಮ್ಮ ಸುಬಾದ ಕೇಂದ್ರ ಮಾಡಿಕೊಂಡರು. 1757ರಲ್ಲಿ ಶಿರಾ ಮರಾಠರ ಕೈಗೆ, 1761ರಲ್ಲಿ ಹೈದರಾಲಿಯ ಕೈಗೆ ಹೋಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಡೀ ಮೈಸೂರು ಕಂಪನಿಯ ಹಿಡಿತಕ್ಕೆ ಬಂತು. ಹೊಲ ಅದೇ, ಕೆರೆ ಅದೇ. ಕಂದಾಯ ಕೇಳುವವನು ಮಾತ್ರ ಬೇರೆ.

ಬಾಗಿದರೆ ಉಳಿಯುತ್ತೇವೆ ಅನ್ನುವ ಖಾತ್ರಿಯೂ ಆಗ ಇರಲಿಲ್ಲ. ಬಿಜಾಪುರದ ದಂಡು ಬಂದಾಗ ಬೆಂಗಳೂರಿನ ಕೆಂಪೇಗೌಡ ಸೋತು, ಬೆಂಗಳೂರು ಬಿಟ್ಟುಕೊಟ್ಟು ಮಾಗಡಿಗೆ ಸರಿದ. ಕಪ್ಪ ಒಪ್ಪಿಕೊಂಡ ಅವನ ವಂಶ ಇನ್ನೂ ತೊಂಬತ್ತು ವರ್ಷ ಉಳಿಯಿತು. ಶಿರಾದ ಕಸ್ತೂರಿ ರಂಗನಾಯಕ ಶರಣಾಗಲು ಡೇರೆಗೆ ಹೋದಾಗ ಅಫಜಲ್ ಖಾನ್ ಅವನನ್ನು ಕೊಂದ ಎಂದು ಇತಿಹಾಸಕಾರರು ಬರೆದಿದ್ದಾರೆ. ಮುಂದೆ 1659ರಲ್ಲಿ ಶಿವಾಜಿಯ ಕೈಯಲ್ಲಿ ಸತ್ತವನು ಇದೇ ಅಫಜಲ್ ಖಾನ್. ಬಾಗಿದವರು ಇಬ್ಬರೂ. ಒಬ್ಬ ಉಳಿದ, ಇನ್ನೊಬ್ಬ ಸತ್ತ. ಹಾಗಾಗಿ ಬಾಗಿದ್ದನ್ನೆಲ್ಲ ಹೇಡಿತನ ಅಂತ ಒಂದೇ ಮಾತಲ್ಲಿ ತಳ್ಳಿಹಾಕಲು ನನಗೆ ಆಗುತ್ತಿಲ್ಲ.

ಆದರೆ ಬಾಗುವುದಕ್ಕೂ ಬೆಲೆ ಇದೆ, ಆ ಬೆಲೆ ಏರುತ್ತಲೇ ಹೋಗುತ್ತದೆ. ಇದಕ್ಕೆ ದೂರ ಹೋಗಬೇಕಿಲ್ಲ, ಗುಬ್ಬಿ ಪಕ್ಕದ ಹೊಸಹಳ್ಳಿ ಸಾಕು. ಅಲ್ಲಿನ ಗೌಡ ಮನೆತನವೇ ಗುಬ್ಬಿ ಪಟ್ಟಣ ಕಟ್ಟಿದ್ದು ಎಂದು ಲೂಯಿ ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಮೈಸೂರು ಅರಸರು ಈ ಮನೆತನದ ಮೇಲೆ ಮೊದಲು ಹಾಕಿದ ಕಪ್ಪ 500 ವರಹ. ಹೈದರಾಲಿ ಅದನ್ನು 2,500 ವರಹಕ್ಕೆ ಏರಿಸಿದ. ಆ ಸೀಮೆಯ ಹುಟ್ಟುವಳಿಯೇ ಹೆಚ್ಚುಕಮ್ಮಿ ಅಷ್ಟಿತ್ತು. ಕೊನೆಗೆ ಟಿಪ್ಪು ಸೀಮೆಯನ್ನೇ ಕಿತ್ತುಕೊಂಡ. ಮೊದಲ ಸಲ 500 ವರಹ ಒಪ್ಪಿಕೊಂಡ ಗೌಡರಿಗೆ ಇದು ಇಲ್ಲಿಗೇ ಬಂದು ನಿಲ್ಲುತ್ತದೆ ಅಂತ ಗೊತ್ತಿತ್ತೇ? ಗೊತ್ತಿರಲು ಸಾಧ್ಯವಿಲ್ಲ. ಇನ್ನೊಂದು ಮಾತು: ಆ 2,500 ವರಹ ಗೌಡರ ಪೆಟ್ಟಿಗೆಯಲ್ಲಿ ಹುಟ್ಟಿದ್ದಲ್ಲ. ರಾಗಿ ಬೆಳೆದವರ ಬೆವರಿನಲ್ಲಿ ಹುಟ್ಟಿದ್ದು.

ರಾಜರ ಮಾತು ಬಿಟ್ಟು ಸಾಮಾನ್ಯರ ಮಾತಿಗೆ ಬರೋಣ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದವರೆಗೆ ಹೋಗಿ, ಸೈನ್ಯಕ್ಕೆ ಅನ್ನವಿಲ್ಲದೆ, ಎಳೆಯುವ ಎತ್ತುಗಳು ಸತ್ತು, ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ವಾಪಸ್ ಬಂದ. ಬರುವ ದಾರಿಯಲ್ಲಿ ನಮ್ಮ ಕುಣಿಗಲ್ ಸೀಮೆಯ ಹುಲಿಯೂರುದುರ್ಗ ಅವನಿಗೆ ಶರಣಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಾವನದುರ್ಗ, ಅದರ ಬೆನ್ನಿಗೆ ಹುತ್ರಿದುರ್ಗ ಬಿದ್ದವು. ಆ ಯುದ್ಧದಲ್ಲಿ ಲಂಬಾಣಿ ವರ್ತಕರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬಂದು ಕಂಪನಿ ಸೈನ್ಯಕ್ಕೆ ಮಾರಿದರು. ಅವರು ದ್ರೋಹಿಗಳೇ? ದಂಡು ಊರ ಬಾಗಿಲಿಗೆ ಬಂದು ನಿಂತಾಗ, ಮಾರದಿದ್ದರೆ ದೋಚಿಕೊಂಡು ಹೋಗುತ್ತಾರೆ ಅನ್ನುವ ಸ್ಥಿತಿಯಲ್ಲಿ, ಮೂಟೆ ಬಿಚ್ಚಿದವನನ್ನು ಯಾವ ಮುಖದಿಂದ ಬೈಯುವುದು?

ಈಗ ಪೂರ್ಣಯ್ಯನ ವಿಷಯ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅದೇ ದಿನ ಅಲ್ಲಿನ ಸೆರೆಯಿಂದ ಒಬ್ಬ ಹೊರಬಿದ್ದ. ಅವನೇ ಚನ್ನಗಿರಿಯ ದೋಂಡಿಯ ವಾಘ್. ಅವನನ್ನು ಸೆರೆಗೆ ಹಾಕಿಸಿದ್ದು ಟಿಪ್ಪುವೇ! ಕೆಲಸ ಕಳೆದುಕೊಂಡ ಟಿಪ್ಪುವಿನ ಸೈನಿಕರನ್ನು ಸೇರಿಸಿಕೊಂಡು, ತನ್ನನ್ನು ಉಭಯ ಲೋಕಗಳ ದೊರೆ ಎಂದು ಕರೆದುಕೊಂಡು, ಒಂದು ವರ್ಷಕ್ಕೂ ಮೇಲೆ ಕಂಪನಿಗೆ ನಿದ್ದೆ ಕೆಡಿಸಿದ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಎದುರು ಹೋರಾಡಿ ಸತ್ತ. ಅವನು ತಲೆ ಬಾಗಲಿಲ್ಲ, ನಿಜ. ಆದರೆ ಅವನ ದಂಡು ಹೊಟ್ಟೆ ಹೊರೆದದ್ದು ದಾರಿಯಲ್ಲಿ ಸಿಕ್ಕ ಊರುಗಳನ್ನು ದೋಚಿ. ಆ ಊರಿನವರನ್ನು, ನಿಮಗೆ ಈ ಯುದ್ಧ ಬೇಕಾ ಅಂತ ಯಾರೂ ಕೇಳಲಿಲ್ಲ.

ಪೂರ್ಣಯ್ಯ ಬೇರೆ ದಾರಿ ಹಿಡಿದ. ಕಂಪನಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿತು. ಟಿಪ್ಪುವಿನ ಕಾಲದಲ್ಲಿ ಹಣಕಾಸು ನೋಡುತ್ತಿದ್ದ ಪೂರ್ಣಯ್ಯ 1811ರವರೆಗೆ ದಿವಾನನಾಗಿ ಆಡಳಿತ ನಡೆಸಿದ. ಯುದ್ಧದಿಂದ ಬೆಂದಿದ್ದ ನಾಡಿನಲ್ಲಿ ಕೆರೆ ಕಾಲುವೆ ದುರಸ್ತಿಯಾದವು, ಆಡಳಿತ ನೆಲೆ ನಿಂತಿತು. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಅವನ ಕಾಲದ್ದು. ಅವನ ಪಾಲಿಗೂ ಲಾಭ ಬಂತು: ಯಳಂದೂರು ಜಹಗೀರು.

ಇಷ್ಟಕ್ಕೇ ನಿಲ್ಲಿಸಿದರೆ ಪೂರ್ಣಯ್ಯ ಗೆದ್ದ ಅನ್ನಿಸುತ್ತದೆ. ಆದರೆ ಲೆಕ್ಕದ ಇನ್ನೊಂದು ಕಡೆ ಇದೆ. 1799ರ ಒಪ್ಪಂದದ ಪ್ರಕಾರ ಮೈಸೂರು ಪ್ರತಿ ವರ್ಷ 7 ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ, ಕಂಪನಿಗೆ ಕಟ್ಟಬೇಕಿತ್ತು. ಮಳೆ ಬರಲಿ, ಬರ ಬರಲಿ, ಕಟ್ಟಲೇಬೇಕು. ಪೂರ್ಣಯ್ಯ ಅದನ್ನು ಕಟ್ಟಿಯೂ ಖಜಾನೆ ತುಂಬಿಸಿಟ್ಟ. ಅವನ ನಂತರ ದರ್ಬಾರಿನ ದುಂದು ಹೆಚ್ಚಿತು, ಖಜಾನೆ ಬರಿದಾಯಿತು, ಕಂಪನಿಯ ಕಿಸ್ತು ಮಾತ್ರ ನಿಲ್ಲಲಿಲ್ಲ. ಇಂತಿಷ್ಟು ಹಣ ಎತ್ತಿಕೊಡುತ್ತೇನೆ ಎಂದು ಅಮಲ್ದಾರರಿಂದ ಮೊದಲೇ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ಬಂತು. ಬರೆದುಕೊಟ್ಟವನು ಹೇಗಾದರೂ ಎತ್ತಲೇಬೇಕು. ಎತ್ತುವುದು ಯಾರಿಂದ? ರೈತನಿಂದ.

1830ರಲ್ಲಿ ಆ ರೈತರೇ ಬಾಯಿ ಬಿಟ್ಟರು. ನಗರ ಸೀಮೆಯ ರೈತರು ಆನಂದಪುರದ ಹತ್ತಿರ ಹೊಸಂತೆಯಲ್ಲಿ ಕೂಟ ಸೇರಿ ತಮ್ಮ ಕಷ್ಟ ಹೇಳಿಕೊಂಡರು. ಅದು ದಂಗೆಯಾಯಿತು. ಅದನ್ನು ಹತ್ತಿಕ್ಕಲು ಮೈಸೂರು ಸೈನ್ಯದ ಜೊತೆ ಕಂಪನಿ ಸೈನ್ಯವೂ ಬಂತು. ಆಮೇಲೆ ಕಂಪನಿಯವರು, ನಿಮಗೆ ಆಳಲು ಬರುವುದಿಲ್ಲ ಎಂದು ಅದೇ ದಂಗೆಯನ್ನು ನೆಪ ಮಾಡಿಕೊಂಡು 1831ರಲ್ಲಿ ರಾಜ್ಯವನ್ನೇ ತೆಗೆದುಕೊಂಡರು. ವಾಪಸ್ ಕೊಟ್ಟದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ.

ಹೊಸಹಳ್ಳಿಯ ಕಥೆಯೇ ಇಲ್ಲಿ ದೊಡ್ಡದಾಗಿ ಮತ್ತೆ ನಡೆಯಿತು. ಮೊದಲು ಕಪ್ಪ, ಆಮೇಲೆ ಕೊಡಲಾಗದಷ್ಟು ಕಪ್ಪ, ಕೊನೆಗೆ ಸೀಮೆಯೇ ಇಲ್ಲ.

ಹಾಗಾದರೆ ಪೂರ್ಣಯ್ಯ ದ್ರೋಹಿಯೇ? ಸೋತು ಸುಣ್ಣವಾದ ನಾಡಿನಲ್ಲಿ ಇನ್ನಷ್ಟು ಹೆಣ ಬೀಳದಂತೆ ನೋಡಿಕೊಂಡದ್ದು ದ್ರೋಹ ಅಂತ ನನಗನ್ನಿಸುವುದಿಲ್ಲ. ಆದರೆ ಅವನು ನಡೆಸಿಕೊಟ್ಟ ಆ ಏರ್ಪಾಟಿನ ಸಾಲವನ್ನು ಮೂವತ್ತು ವರ್ಷದ ನಂತರ ತೀರಿಸಿದವರು ರೈತರು, ಅದನ್ನೂ ಮರೆಯಬಾರದು. ದೋಂಡಿಯ ವೀರನೇ? ಸಾವಿಗೆ ಅಂಜದವನು ಹೌದು. ಆದರೆ ಅವನ ಶೌರ್ಯದ ಖರ್ಚು ಕೊಟ್ಟವರೂ ಊರಿನವರೇ.

ಟೀ ಅಂಗಡಿಯ ಹುಡುಗನಿಗೆ ನಾನು ಈಗ ಹೇಳುವುದು ಇಷ್ಟು. ಯಾರು ಬಾಗಿದ, ಯಾರು ಕತ್ತಿ ಹಿಡಿದ ಅನ್ನುವುದು ಮೊದಲ ಪ್ರಶ್ನೆಯಲ್ಲ ತಮ್ಮ. ಅದರ ಖರ್ಚು ಯಾರ ತಲೆಗೆ ಬಂತು, ಅವರನ್ನು ಒಂದು ಮಾತು ಕೇಳಿದ್ದರಾ, ಉಳಿದ ಉಸಿರಿನಲ್ಲಿ ಅವರಿಗಾಗಿ ಏನು ಮಾಡಿದರು ಅಂತ ಕೇಳು. ಹೊಸಂತೆಯಲ್ಲಿ ಕೂಟ ಸೇರಿದವರ ಹೆಸರು ವಾಟ್ಸಾಪಿನಲ್ಲಿ ಬರುವುದಿಲ್ಲ. ಖರ್ಚು ಕೊಟ್ಟವರು ತಾವೇ ಎದ್ದು ಸಾಕು ಅಂದದ್ದು ಅಲ್ಲಿ.

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಕಂದಾಯದ ಕಾಗದ, ಶಾನುಭೋಗರ ಕಡತ ಇದ್ದರೆ ಗೆದ್ದಲು ತಿನ್ನುವ ಮೊದಲು ಒಮ್ಮೆ ಬಿಚ್ಚಿ ನೋಡಿ. ನಮ್ಮ ಸೀಮೆಯ ನಿಜವಾದ ಇತಿಹಾಸದ ಒಂದು ಪುಟ ಅದರಲ್ಲೂ ಇರಬಹುದು.